ಸವಣೂರ ಎಲೆತೋಟದ ಲೋಹಿತ

ಸವಣೂರಿನ ಹೊರಮಗ್ಗುಲಲ್ಲಿ ಭರಮಪ್ಪನವರ ಎಲೆತೋಟವಿದೆ. ಚೊಗಚೆ, ನುಗ್ಗೆ, ಹಾಲವಾಣದ ಗಿಡಗಳಿಗೆ ಹಬ್ಬಿಸಿದ ವೀಳ್ಯದೆಲೆಯ ಬಳ್ಳಿ. ಒಳಗೆ ಕಾಲಿಟ್ಟರೆ ಸುಡುವ ಮಧ್ಯಾಹ್ನದಲ್ಲೂ ಬಾವಿಗೆ ಇಳಿದಂಥ ತಂಪು. ತೋಟದ ಬಾಗಿಲೆಂದರೆ ಅಡ್ಡ ಹಾಕಿದ ಎರಡು ಬಿದಿರ ಗಳ, ಮತ್ತೇನಿಲ್ಲ. ಆದರೆ ಆ ಗಳ ಸರಿಸಿ ಒಳಗೆ ಹೋಗುವುದಕ್ಕೆ ಕಟ್ಟಳೆ ಉಂಟು. ಚಪ್ಪಲಿ ಹೊರಗೆ ಬಿಡಬೇಕು. ಬಾಯಿ ಮುಕ್ಕಳಿಸಿ ಬರಬೇಕು. ಹೆಂಗಸರಂತೂ ಒಳಗೆ ಬರುವಂತೆಯೇ ಇಲ್ಲ. ಎಲೆಬಳ್ಳಿ ಬಲು ಮಡಿಯ ಜೀವ, ಮುಟ್ಟಾದವಳ ಗಾಳಿ ತಾಗಿದರೂ ಕರಗಿಹೋಗುತ್ತದೆ ಎಂದು ಅಲ್ಲಿಯವರ ನಂಬಿಕೆ. ಯಾರಿಗೆ ಯಾವ ದಿನ ಎಂದು ಬಾಗಿಲಲ್ಲಿ ನಿಂತು ಕೇಳುವುದು ಚೆಂದವೇ? ಅದಕ್ಕೇ ಭರಮಪ್ಪನ ಅಜ್ಜನ ಕಾಲದಿಂದ ಎಲ್ಲ ಹೆಂಗಸರಿಗೂ ಒಟ್ಟಿಗೇ ಬಾಗಿಲು ಬಂದಾಗಿದೆ. ಗಂಡಸರು ಏಣಿ ಹತ್ತಿ ಎಲೆ ಕೊಯ್ದು ಬುಟ್ಟಿ ತುಂಬಿ ಹೊರಗೆ ತಂದಿಡಬೇಕು. ಹೆಂಗಸರು ಬೇಲಿಯಾಚೆ ಛಪ್ಪರದ ಕೆಳಗೆ ಕುಳಿತು ಎಲೆ ಆರಿಸಿ ಕಟ್ಟು ಕಟ್ಟಬೇಕು.

ಆ ಛಪ್ಪರದ ಯಜಮಾನಿಕೆ ಕುಲಸುಮಬಿಯದು. ಮದುವೆಯಾಗಿ ಬಂದ ಮರುವರ್ಷದಿಂದ ಅಲ್ಲೇ ಕುಳಿತವಳು, ಈಗ ಮೊಮ್ಮಕ್ಕಳಾಗಿದ್ದಾರೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಏಣಿ ಹತ್ತುವವರಲ್ಲಿ ಹಳಬ ಮಂಜಪ್ಪ, ಹೊಸಬ ಲೋಹಿತ.

ಲೋಹಿತ ಬಂದು ಎರಡು ವರ್ಷವಾಗಿತ್ತು. ತೆಳ್ಳಗಿನ ಹುಡುಗ, ಮಾತು ಕಡಿಮೆ, ಎಂಥ ಸೆಕೆಗೂ ಅಂಗಿಯ ಮೇಲಿನ ಗುಂಡಿ ಬಿಚ್ಚದವನು. ಹೆಬ್ಬೆರಳಿಗೆ ಕಬ್ಬಿಣದ ಉಗುರು ಹಾಕಿ ಬಳ್ಳಿಗೆ ನೋವಾಗದಂತೆ ಎಲೆ ಚಿವುಟುವುದನ್ನು ಒಂದು ಹಂಗಾಮಿನಲ್ಲೇ ಕಲಿತುಬಿಟ್ಟಿದ್ದ. ಕೈಗುಣ ನೋಡಿದ ಭರಮಪ್ಪ ಕಾಗದಪತ್ರ ಕೇಳಲಿಲ್ಲ. ಊರು ರಟ್ಟೀಹಳ್ಳಿ ಅಂದ, ಆಯಿತು ಅಂದರು.

ಕುಲಸುಮಬಿಗೆ ಅವನನ್ನು ಕಂಡರೆ ಅಕ್ಕರೆ. ಬುಟ್ಟಿ ಇಳಿಸಲು ಬಂದಾಗಲೆಲ್ಲ ಕಾಡುವಳು.

"ಏ ಲೋಹ್ಯಾ, ಮೀಸಿ ಯಾವಾಗ ಬರ್ತಾವೋ? ಬಂದ ಮ್ಯಾಲೆ ಹೇಳು, ಹೆಣ್ಣ ನೋಡ್ತೇನಿ. ದುಂಡಸ್ಯಾಗ ನಿಮ್ಮ ಮಂದಿದೊಂದು ಚೊಲೋ ಮನಿ ಐತಿ."

"ನನಗ್ಯಾರ ಕೊಡ್ತಾರ ಬಿಡ ಆಯಿ."

"ಯಾಕ ಕೊಡೂದಿಲ್ಲ? ಕುಡಿಯೂದಿಲ್ಲ, ಸೇದೂದಿಲ್ಲ. ಈ ಮಂಜ್ಯಾಗನ ಕೊಟ್ಟಾರ, ನಿನಗ ಕೊಡೂದಿಲ್ಲ?"

ಏಣಿಯ ಮೇಲಿಂದ ಮಂಜಪ್ಪ ಕೂಗುವನು, "ಆಯೀ, ನನ್ನ ಮಾವ ಕಣ್ಣ ಕಾಣಲಾರದ ಕೊಟ್ಟಾನ, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ!"

ಛಪ್ಪರದ ಹೆಂಗಸರೆಲ್ಲ ನಗುವರು. ಲೋಹಿತನೂ ನಗುವನು. ನಕ್ಕು ಬೇಲಿಯೊಳಗೆ ಹೋದ ಮೇಲೆ ಅವನ ಕಿವಿ ಬಹಳ ಹೊತ್ತು ಸುಡುತ್ತಿತ್ತು. ಇಷ್ಟು ಪ್ರೀತಿ ಮಾಡುವವರ ಕಣ್ಣಿಗೆ ಮಣ್ಣೆರಚಿ ಅವರ ಮುಂದೆಯೇ ಉಣ್ಣುತ್ತಿದ್ದೇನಲ್ಲ ಎಂಬ ನಾಚಿಕೆ ಅದು. ಏಕೆಂದರೆ ಲೋಹಿತ ಹುಟ್ಟಿದ್ದು ಹೆಣ್ಣಾಗಿ. ರಟ್ಟೀಹಳ್ಳಿಯ ಶಂಭುಲಿಂಗ, ವೀರವ್ವ ದಂಪತಿಗಳು ತೊಟ್ಟಿಲಲ್ಲಿ ಇಟ್ಟ ಹೆಸರು ವಾಣಿಶ್ರೀ.

ಆ ಹೆಸರು ಅವನ ಮೈಗೆ ಎಂದೂ ಹೊಂದಲಿಲ್ಲ. ಚಿಕ್ಕವನಿದ್ದಾಗ ಅಣ್ಣನ ಚಡ್ಡಿ ಹಾಕಿಕೊಂಡು ಕೆರೆಯ ಏರಿಯ ಮೇಲೆ ಓಡುತ್ತಿದ್ದ, ಜನ ನಕ್ಕು ಸುಮ್ಮನಾಗುತ್ತಿದ್ದರು. ಎದೆ ಬೆಳೆದಂತೆ ಬೆನ್ನು ಬಾಗಿತು. ತಿಂಗಳಿಗೊಮ್ಮೆ ಹೊರಗೆ ಕುಳಿತ ದಿನಗಳಲ್ಲಿ ತನ್ನ ಮೈಯನ್ನು ಯಾರೋ ಕದ್ದು ಬೇರೆಯವರ ಮೈ ಇಟ್ಟುಹೋದಂತೆ ಅನಿಸಿ ಅಳುತ್ತಿದ್ದ. ಹತ್ತನೆಯ ಇಯತ್ತೆ ಮುಗಿದ ಮೇಲೆ ಹಿರೇಕೆರೂರು ಕಡೆಯ ಬೀಜದ ಹತ್ತಿ ಹೊಲಗಳಿಗೆ ಕೂಲಿಗೆ ಕಳಿಸಿದರು. ಗಂಡು ಹೂವಿನ ಧೂಳನ್ನು ಹೆಣ್ಣು ಹೂವಿಗೆ ಮುಟ್ಟಿಸುವ ಕೆಲಸ, ಹುಡುಗಿಯರ ಬೆರಳಿಗೆ ಹೇಳಿದ್ದು. ಸಾಲಿನಲ್ಲಿ ಜೊತೆಯ ಹುಡುಗಿಯರು ಲಗ್ನದ ಮಾತು ತೆಗೆದರೆ ಅವನು ಮುಂದಿನ ಸಾಲಿಗೆ ಹೋಗುತ್ತಿದ್ದ. "ಗಂಡುಬೀರಿ ಹ್ವಾದ್ಲು ನೋಡ್ರೇ" ಎಂದು ಬೆನ್ನ ಹಿಂದೆ ನಗೆ. ಬಯ್ಗುಳದ ಆ ಮಾತಿನಲ್ಲಿ ಗಂಡು ಎಂಬುದೊಂದು ಇತ್ತಲ್ಲ ಎಂದು ಅಷ್ಟಕ್ಕೇ ಅವನಿಗೆ ಹಿತವಾಗುತ್ತಿತ್ತು. ಹಿತವಾದದ್ದಕ್ಕೆ ಮತ್ತೆ ನಾಚಿಕೆ.

ಹಾನಗಲ್ಲಿನಿಂದ ವರನ ಕಡೆಯವರು ನೋಡಲು ಬರುವವರಿದ್ದ ದಿನ ಹಿತ್ತಲಲ್ಲಿ ಕುಳಿತು ಕತ್ತರಿಯಿಂದ ಜಡೆ ಕತ್ತರಿಸಿಕೊಂಡ. ಅವ್ವ ಬಂದು ನೋಡಿ ಚೀರಲಿಲ್ಲ. ನೆಲದ ಮೇಲೆ ಬಿದ್ದ ಕೂದಲನ್ನು ಉಡಿಯಲ್ಲಿ ತುಂಬಿಕೊಂಡು, "ನಿಮ್ಮಪ್ಪ ಬರೂದ್ರಾಗ ಎತ್ತಲಾಗರ ಹೋಗು" ಅಂದಳು. ಅವನು ಶಿಗ್ಗಾಂವಿಗೆ ಬಂದು ಖಾನಾವಳಿಯಲ್ಲಿ ತಾಟು ತೊಳೆದ. ಅಲ್ಲಿಂದ ಸವಣೂರಿಗೆ.

ರಟ್ಟೀಹಳ್ಳಿಯಲ್ಲಿ ವೀರವ್ವ ಮಗಳನ್ನು ಮಿರಜಿಗೆ ಕೊಟ್ಟಿದ್ದೇವೆಂದು ಸುದ್ದಿ ಹಬ್ಬಿಸಿದಳು. ಅವಸರದ ಲಗ್ನ, ಯಾರನ್ನೂ ಕರೆಯಲಾಗಲಿಲ್ಲ ಎಂದಳು. ಒಂದು ಸುಳ್ಳಿಗೆ ನೂರು ಬೇರು. ಅಳಿಯನಿಗೆ ರೈಲ್ವೆಯಲ್ಲಿ ನೌಕರಿ ಕೊಡಿಸಿದಳು, ಅತ್ತೆಗೆ ಸಂದಿವಾತ ತರಿಸಿದಳು. ಆಗಾಗ ಲೋಹಿತನಿಗೆ ಫೋನು ಮಾಡಿ ಪಿಸುಗುಡುವಳು.

"ಮಂದಿ ಮಗಳು ಬಸರಿ ಅದಾಳೇನ ಅಂತ ಕೇಳಾಕತ್ತಾರ. ಏನ ಹೇಳ್ಲೆವಾ ನಾನು?"

"ಅವ್ವಾ, ಖರೆ ಹೇಳಿಬಿಡು."

"ಖರೆ ಹೇಳಿದರ ನಿಮ್ಮಪ್ಪ ಬಜಾರದಾಗ ತಲಿ ಎತ್ತಿ ಅಡ್ಡಾಡೂದು ಹೆಂಗ? ನೀ ಇತ್ತ ಬರಬ್ಯಾಡ. ಬಂದರ ನಿನ್ನ ಗಂಡ ಎಲ್ಲೆದಾನ ಅಂತ ಕೇಳ್ತಾರ."

ಹೀಗೆ ಹುಟ್ಟಿದ ಊರಿನಲ್ಲಿ ಅವನಿಗೊಬ್ಬ ಗಂಡನಿದ್ದ, ಸವಣೂರಿನಲ್ಲಿ ಅವನಿಗೊಂದು ಹೆಣ್ಣು ಹುಡುಕುತ್ತಿದ್ದರು. ಅವನ ನಿಜ ಗೊತ್ತಿದ್ದವರು ಎದುರಿಗೆ ಕುಳಿತು ಮಾತಾಡುತ್ತಿರಲಿಲ್ಲ. ಎದುರಿಗೆ ಕುಳಿತು ಮಾತಾಡುವವರಿಗೆ ನಿಜ ಗೊತ್ತಿರಲಿಲ್ಲ.

ಒಮ್ಮೆ ಧೈರ್ಯ ಮಾಡಿ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದ. ತನ್ನಂಥವರಿಗೆ ಅಲ್ಲಿ ಔಷಧ ಕೊಡುತ್ತಾರೆಂದು ಮೊಬೈಲಿನಲ್ಲಿ ನೋಡಿ ತಿಳಿದಿದ್ದ. ಡಾಕ್ಟರು ಹೆಣ್ಣುಮಗಳು, ಅವಸರವಿಲ್ಲದೆ ಕೇಳಿದರು. ಇಂಜೆಕ್ಷನ್ ಸುರುವಾದರೆ ತಿಂಗಳ ತೊಂದರೆ ನಿಲ್ಲುತ್ತದೆ, ದನಿ ಒಡೆಯುತ್ತದೆ, ಮನಸ್ಸು ಏರುಪೇರಾಗುತ್ತದೆ, ಎಲ್ಲ ಬಿಡಿಸಿ ಹೇಳಿದರು.

"ಇದು ಲಗೂನ ಮುಗಿಯೂ ಕೆಲಸ ಅಲ್ಲ ಲೋಹಿತ್. ನಿಮ್ಮ ವಿಷಯ ಗೊತ್ತಿದ್ದು ನಿಮ್ಮ ಬಾಜೂಕ ನಿಲ್ಲುವಂಥವರು ಒಬ್ಬರರ ಇರಬೇಕು. ಕಾಯ್ದೆ ಅಂತಲ್ಲ, ನಿಮ್ಮ ಸಲುವಾಗಿ ಹೇಳ್ತೇನಿ. ಮುಂದಿನ ಸಲ ಕರಕೊಂಡು ಬರ್ರಿ. ಮತ್ತ, ಎದಿಗೆ ಏನರ ಬಿಗದು ಕಟ್ತೀರೇನು? ತ್ರಾಸ ಐತೇನು?"

"ಇಲ್ಲರಿ, ಏನೂ ತ್ರಾಸಿಲ್ಲ" ಅಂದುಬಿಟ್ಟ. ಕಾಲು ಉಳುಕಿದರೆ ಸುತ್ತುವ ಪಟ್ಟಿಯನ್ನು ಎದೆಗೆ ಬಿಗಿದು ಬಿಗಿದು ಪಕ್ಕೆಲುಬಿನ ಮೇಲೆ ಚರ್ಮ ಸುಲಿದಿತ್ತು. ಏಣಿಯ ತುದಿಯಲ್ಲಿ ಉಸಿರು ಸಿಗುತ್ತಿರಲಿಲ್ಲ. ಅದನ್ನು ಹೇಳಿದರೆ ಅಂಗಿ ಎತ್ತಿ ತೋರಿಸಬೇಕಾಗುತ್ತದಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಯಾರನ್ನು ಕರೆದೊಯ್ಯಲಿ ಎಂದು ಯೋಚಿಸಿದ. ಒಬ್ಬರ ಹೆಸರೂ ಹೊಳೆಯಲಿಲ್ಲ. ಹೊಳೆದದ್ದು ಒಂದೇ ಮುಖ, ಕುಲಸುಮಬಿಯದು. ಆ ಮುಖ ಅಸಹ್ಯದಿಂದ ತಿರುಗುವುದನ್ನು ಕಲ್ಪಿಸಿಕೊಂಡು, ಬೇಡಪ್ಪಾ, ಈಗಿರುವುದಾದರೂ ಉಳಿಯಲಿ ಎಂದುಕೊಂಡ. ಮತ್ತೆ ಆಸ್ಪತ್ರೆಯ ಕಡೆ ಮುಖ ಹಾಕಲಿಲ್ಲ.

ಶ್ರಾವಣ ಬಂತು. ಪೂಜೆ, ಲಗ್ನ, ಸೀಮಂತ ಎಂದು ಎಲೆಗೆ ಎಲ್ಲಿಲ್ಲದ ಬೇಡಿಕೆ, ಮಳೆಯೂ ಬಿಟ್ಟುಬಿಡದೆ ಹಿಡಿದಿತ್ತು. ತಿಂಗಳ ಆ ದಿನಗಳಲ್ಲಿ ಲೋಹಿತ ಹೊಟ್ಟೆನೋವೆಂದು ಹೇಳಿ ಕೆಲಸ ತಪ್ಪಿಸುವುದು ರೂಢಿ. ಈ ಸಲ ಭರಮಪ್ಪ ಬಿಡಲಿಲ್ಲ. "ಹುಬ್ಬಳ್ಳಿ ಗಾಡಿ ನಿಂತೈತೋ ತಮ್ಮಾ, ಒಂದು ಸೋಡಾ ಕುಡದು ಬಾ" ಎಂದು ಕೈಹಿಡಿದು ಕರೆತಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಲೋಹಿತ ನಿಂತೇಬಿಟ್ಟ. ಸಣ್ಣಂದಿನಿಂದ ಮೈಗಂಟಿದ ನಂಬಿಕೆ, ಹೆಸರು ಬದಲಿಸಿದರೆ ಹೋದೀತೆ? ಕೈ ಮುಗಿದು ಒಳಗೆ ಕಾಲಿಟ್ಟ. ದಿನವಿಡೀ ಬಳ್ಳಿಗೆ ಮೈ ತಾಗದಂತೆ ಕೊಯ್ದ. ಏಣಿ ಇಟ್ಟುಕೊಂಡು ಬಳ್ಳಿಗೆ ಮೈ ತಾಗದಂತೆ ಕೊಯ್ಯುವುದು ಯಾರಿಂದ ಸಾಧ್ಯ?

ವಾರ ಕಳೆಯುವುದರೊಳಗೆ ತೋಟಕ್ಕೆ ಕೊಳೆ ಬಿತ್ತು. ಎಲೆಗಳ ಮೇಲೆ ಸುಟ್ಟ ಎಣ್ಣೆ ಸಿಡಿದಂಥ ಕರಿ ಚುಕ್ಕೆ, ಚುಕ್ಕೆ ಹರಡಿ ಇಡೀ ಎಲೆ ಕಪ್ಪು, ಬಳ್ಳಿಯ ಬುಡ ಮೆತ್ತಗೆ. ಭರಮಪ್ಪ ಸಾಲಿನಿಂದ ಸಾಲಿಗೆ ಓಡಾಡಿ, ಕೊನೆಗೆ ಬಾಗಿಲ ಹತ್ತಿರ ಬಂದು ಕುಸಿದು ಕುಳಿತರು.

"ಯಾರೋ ಮೈಲಿಗ್ಯಾಗ ಒಳಗ ಬಂದಾರ" ಅಂದರು. "ಯಾರದು? ಹೇಳ್ರಿ."

ಲೋಹಿತ ಏಣಿಯ ಹಿಂದೆ ಸರಿದ. ಅಷ್ಟರಲ್ಲಿ ಮಂಜಪ್ಪ ಬಾಯಿ ಬಿಟ್ಟ.

"ಯಜಮಾನ್ರ, ಆವತ್ತ ಮಳ್ಯಾಗ ಫರ್ಜಾನಾ ಅತ್ತಿಗೆ ರೊಟ್ಟಿ ತಂದಿದ್ಳರಿ. ಗಳ ದಾಟಿ ಒಳಗಿನ ಚೊಗಚಿ ಗಿಡದ ಬುಡಕ ನಿಂತಿದ್ಳು. ನಾ ನೋಡೇನಿ."

ಫರ್ಜಾನಾ ಎಂದರೆ ಕುಲಸುಮಬಿಯ ಸೊಸೆ. ಭರಮಪ್ಪ ಛಪ್ಪರದ ಕಡೆ ತಿರುಗಿದರು.

"ಕುಲಸುಮಬಿ, ಖರೆ ಏನ?"

"ನಿಂತಿದ್ದಾಳು ಧಣಿ. ಕೂಸಿನ್ನ ಕಂಕುಳಾಗ ಹಿಡಕೊಂಡ ಮಳ್ಯಾಗ ತೊಯ್ಸಿಕೋತ ನಿಂದರಬೇಕಾಗಿತ್ತೇನು?"

"ನಾಳಿಂದ ನೀನೂ ಬರಬ್ಯಾಡ, ನಿನ್ನ ಸೊಸೀನೂ ಬರಬ್ಯಾಡ."

ಕುಲಸುಮಬಿ ಕೂಗಾಡಲಿಲ್ಲ. ಕಟ್ಟುತ್ತಿದ್ದ ಕಟ್ಟನ್ನು ಬಾಳೆಯ ನಾರಿನಿಂದ ಬಿಗಿದು, ಬದಿಗಿಟ್ಟು, ಸೀರೆ ಕೊಡವಿಕೊಂಡು ಎದ್ದಳು. ಹೋಗುವಾಗ ಎಲ್ಲರ ಮುಖ ನೋಡಿದಳು. ಲೋಹಿತನ ಮುಖವನ್ನೂ ನೋಡಿದಳು. ಅವನು ಕಾಲಹೆಬ್ಬೆರಳಿನಿಂದ ಕೆಸರು ಕೆದರುತ್ತ ನಿಂತಿದ್ದ.

ಅವನಿಗೆ ಆವತ್ತು ಅನ್ನ ಸೇರಲಿಲ್ಲ. ಜೀವಮಾನವೆಲ್ಲ ನಾಚಿಕೆಯ ಜೊತೆಯಲ್ಲೇ ಮಲಗಿ ಎದ್ದವನು, ನಾಚಿಕೆಯ ಮುಖವೆಲ್ಲ ತನಗೆ ಗೊತ್ತೆಂದುಕೊಂಡಿದ್ದ. ಇದು ಗೊತ್ತಿರಲಿಲ್ಲ. ಇಲ್ಲಿಯವರೆಗಿನ ನಾಚಿಕೆ ತನ್ನ ಮೈಯದು, ತಾನು ಕೇಳಿ ಪಡೆದದ್ದಲ್ಲ. ಇದು ತನ್ನ ಕೈಯಾರೆ ಮಾಡಿಕೊಂಡದ್ದು. ಬಾಯಿ ಬಿಟ್ಟರೆ ಹೊರಟುಹೋಗುವುದು ಲೋಹಿತ ಎಂಬ ಹೆಸರು. ಬಿಡದಿದ್ದರೆ ಆ ಹೆಸರಿನವನು ಎಂಥವನು?

ಮರುದಿನ ಬೆಳಿಗ್ಗೆ ಕುಲಸುಮಬಿಯ ಮನೆಗೆ ಹೋದ. ಅವಳು ಅಂಗಳದಲ್ಲಿ ಮೆಂತ್ಯ ಸೊಪ್ಪು ಸೋಸುತ್ತ ಕುಳಿತಿದ್ದಳು. ಫರ್ಜಾನಾ ಒಳಗೆ ಕೂಸಿಗೆ ಹಾಲೂಡಿಸುತ್ತಿದ್ದಳು.

"ಬಂದ್ಯಾ? ಧಣಿ ಕಳಸ್ಯಾನೇನ, ಸತ್ತಾರೋ ಬದುಕ್ಯಾರೋ ನೋಡ್ಕೊಂಬಾ ಅಂತ?"

"ಆಯಿ, ಫರ್ಜಾನಕ್ಕನ ತಪ್ಪಿಲ್ಲ. ತಪ್ಪು ನಂದು."

"ನಿಂದೇನೋ?"

ಅವನು ಹೇಳಿದ. ನೆಲ ನೋಡುತ್ತ, ತಡವರಿಸುತ್ತ, ಹಿಂದಿನದು ಮುಂದೆ ಮುಂದಿನದು ಹಿಂದೆ ಮಾಡುತ್ತ ಹೇಳಿದ. ವಾಣಿಶ್ರೀ ಎಂಬ ಹೆಸರು, ಕತ್ತರಿಸಿದ ಜಡೆ, ಮಿರಜಿನ ಗಂಡ, ಎದೆಯ ಪಟ್ಟಿ, ಆಸ್ಪತ್ರೆಯ ಡಾಕ್ಟರು ಹೇಳಿದ ಮಾತು, ಕೊನೆಗೆ ಆ ದಿನ ತೋಟದೊಳಗೆ ಹೋದದ್ದು. ಕುಲಸುಮಬಿಯ ಕೈಯಲ್ಲಿ ಸೊಪ್ಪು ಹಾಗೇ ನಿಂತಿತು.

"ತೌಬಾ" ಅಂದಳು. ಆಮೇಲೆ ಮೊರವನ್ನು ಕುಕ್ಕಿದಳು. "ಎರಡು ವರ್ಷ ನನ್ನ ಪಡಸಾಲ್ಯಾಗ ಕುಂತು ಚಾ ಕುಡದಿ. ದುಂಡಸಿ ಮಂದಿಗೆ ನಿನ್ನ ಸಲುವಾಗಿ ಮಾತ ಹಾಕೇನಿ. ನನ್ನ ಮಾರಿ ಎಲ್ಲಿ ಇಟ್ಕೊಳ್ಳಲಿ? ನಗಾಕತ್ತಿದ್ದೇನ ಒಳಗೊಳಗ?"

"ಇಲ್ಲ ಆಯಿ. ಹೇಳಿದರ ನೀ ಮಾತ ಬಿಡ್ತಿ ಅಂತ ಅಂಜಿಕಿ ಇತ್ತು."

"ಈಗ ಅಂಜಿಕಿ ಹೋತೇನ?"

"ಇಲ್ಲ. ಆದರ ನಿನ್ನೆ ನೀ ಎದ್ದು ಹೊಂಟಿದ್ದು ನೋಡಿದೆ. ನನ್ನ ಮೈಲಿಗಿಯಿಂದ ತ್ವಾಟ ಹೋತು, ನಿನ್ನ ಕೂಲೀನೂ ಹೋತು."

ಕುಲಸುಮಬಿ ಅವನನ್ನು ದಿಟ್ಟಿಸಿದಳು. ಸಿಟ್ಟಿನ ನಡುವೆಯೇ ಬೇರೊಂದು ಸಿಟ್ಟು ಏಳುತ್ತಿತ್ತು.

"ನಿನ್ನ ಮೈಲಿಗಿಯಿಂದ ತ್ವಾಟ ಹೋತು? ಹುಚ್ಚ ಖೋಡಿ! ಹುರಳೀಕುಪ್ಪಿ ದಾರ್ಯಾಗಿನ ತ್ವಾಟಗೋಳಿಗೂ ಕೊಳಿ ಬಿದ್ದೈತಿ. ಅಲ್ಲೂ ನೀನ ಹೋಗಿದ್ದೇನ? ನೀರು ನಿಂತು ಬೇರು ಕೊಳತಾವ. ನಾ ಹರೇದಾಕಿ ಇದ್ದಾಗಿಂದ ಆ ಛಪ್ಪರದಾಗ ಕುಂತೇನಿ. ತಿಂಗಳಾ ತಿಂಗಳಾ ಹೊರಗಾದಾಗ ಕೂಲಿ ಬಿಟ್ಟು ಮನ್ಯಾಗ ಕುಂತಿದ್ದೇನೇನು? ಕುಂತಿದ್ದರ ಮಕ್ಕಳ ಹೊಟ್ಟಿಗೆ ಏನ ಹಾಕ್ತಿದ್ದೆ? ಆ ತ್ವಾಟದ ಒಂದೊಂದ ಎಲೀನೂ ಈ ಕೈ ಮುಟ್ಟೇತಿ. ಅವನ್ನ ದೇವರ ಮುಂದ ಇಟ್ಟಾರ, ಸ್ವಾಮಿಗೋಳಿಗೆ ಕೊಟ್ಟಾರ, ಮದುಮಕ್ಕಳ ಕೈಯಾಗ ಹಿಡಿಸ್ಯಾರ. ಯಾವ ಎಲಿ ಕರಗೇತಿ?"

ಲೋಹಿತ ಮೊರದಿಂದ ಚೆಲ್ಲಿದ ಸೊಪ್ಪು ಆರಿಸತೊಡಗಿದ. ಇಷ್ಟು ಸರಳವಾದದ್ದು ತನಗೇಕೆ ಹೊಳೆಯಲಿಲ್ಲ? ತನ್ನ ಮೈ ಹೊಲಸು ಎಂದು ಯಾರು ಹೇಳಿದರೂ ಒಪ್ಪಿಬಿಡುವ ಅಭ್ಯಾಸ ಅವನಿಗೆ ಅಷ್ಟು ಆಳಕ್ಕೆ ಇಳಿದಿತ್ತು.

"ಧಣಿಗೆ ಹೋಗಿ ಹೇಳ್ತೇನಿ ಆಯಿ. ನೀನೂ ಬಾ ನನ್ನ ಜೋಡಿ."

"ನಾ ಬರೂದಿಲ್ಲ. ನಿನ್ನೆ ನನ್ನ ಹೊರಗ ಹಾಕುವಾಗ ನೀ ಬಾಯಿ ಮುಚ್ಚಿಕೊಂಡ ನಿಂತಿದ್ದೀ. ಒಬ್ಬಾಂವ ಹೋಗು."

ಒಬ್ಬನೇ ಹೋದ. ಭರಮಪ್ಪ ತೋಟದ ಬಾಗಿಲಲ್ಲಿ ಕರಿ ಬಿದ್ದ ಎಲೆಗಳನ್ನು ಗುಡ್ಡೆ ಹಾಕಿಸುತ್ತಿದ್ದರು. ಮಂಜಪ್ಪ ಬುಟ್ಟಿ ಹೊತ್ತು ದೂರ ಹೋಗುವವರೆಗೆ ಕಾದು ಲೋಹಿತ ಹೇಳಿದ. ಎರಡನೆಯ ಸಲ ಹೇಳುವುದು ಸುಲಭವಾದೀತು ಅಂದುಕೊಂಡಿದ್ದ, ಆಗಲಿಲ್ಲ.

ಮುದುಕನಿಗೆ ಮೊದಲು ತಿಳಿಯಲೇ ಇಲ್ಲ.

"ಹಂಗಂದರ ನೀ ಜೋಗಪ್ಪಗೋಳಂಗ ಏನ?"

"ಅವರದ ತಿರುವುಮುರುವು ರೀ."

ಗಂಡಾಗಿ ಹುಟ್ಟಿ ಸೀರೆ ಉಟ್ಟವರಿಗೆ ಆ ಸೀಮೆಯಲ್ಲಿ ಒಂದು ಹೆಸರುಂಟು, ಎಲ್ಲಮ್ಮನ ಹೆಸರಿನಲ್ಲಿ ನಿಲ್ಲಲು ಒಂದು ಜಾಗವುಂಟು. ಜನ ನಗುತ್ತಾರೆ, ಅಂಜುತ್ತಾರೆ, ಒಂದು ಹಿಡಿ ಜೋಳವನ್ನಾದರೂ ಜೋಳಿಗೆಗೆ ಹಾಕುತ್ತಾರೆ. ಲೋಹಿತನಂಥವರಿಗೆ ಹೆಸರೂ ಇಲ್ಲ, ಜೋಳಿಗೆಯೂ ಇಲ್ಲ. ಭರಮಪ್ಪ ಆ ಹೆಸರು ಹುಡುಕುವವರಂತೆ ನೆಲ ನೋಡಿದರು. ಆಮೇಲೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನೀ ಸುಳ್ಳ ಹೇಳ್ಕೊಂಡ ಇಲ್ಲಿ ಉಳಿಬಹುದಿತ್ತಲ್ಲೋ. ಯಾಕ ಹೇಳಿದಿ?"

"ಆಯೀದೂ ಫರ್ಜಾನಕ್ಕಂದೂ ತಪ್ಪಿಲ್ಲರಿ. ಅವರನ್ನ ಕರಸ್ಕೋರಿ. ಮತ್ತ, ಕೊಳಿ ನನ್ನಿಂದ ಬಿದ್ದದ್ದೂ ಅಲ್ಲರಿ. ಕೆಳಗಿನ ಮಗ್ಗಲ ನೀರು ನಿಂತೈತಿ, ಕಾಲವಿ ಬಿಡಿಸ್ರಿ."

ಕೊನೆಯ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಭರಮಪ್ಪ ತಲೆ ಎತ್ತಲಿಲ್ಲ.

"ಅದು ನನಗೂ ಗೊತ್ತೈತಿ" ಎಂದು ಮೆಲ್ಲಗೆ ಅಂದರು. "ಈ ಸಲ ಕಾಲವಿ ತಗಸೂದು ನಾನ ಬಿಟ್ಟೆ. ಮಂದಿ ಮುಂದ ಅದನ್ನ ಹೆಂಗ ಹೇಳ್ಲಿ?" ಟೊಪ್ಪಿಗೆ ಮತ್ತೆ ತಲೆಗಿಟ್ಟುಕೊಂಡು, "ಕುಲಸುಮಬಿಗೆ ಹೇಳಿ ಕಳಸ್ತೇನಿ. ಆದರ ನೀ ಒಳಗ ಬರಬ್ಯಾಡಪಾ. ನನ್ನ ಕೈಲೆ ಆಗೂದಿಲ್ಲ. ಛಪ್ಪರದಾಗ ಕುಂತು ಕಟ್ಟು ಕಟ್ಟೂದಿದ್ದರ ಕಟ್ಟು."

ಛಪ್ಪರ ಹೆಂಗಸರದು. ಅದನ್ನು ಅವರು ಕನಿಕರದಿಂದಲೇ ಹೇಳಿದರು, ಅದಕ್ಕೇ ಹೆಚ್ಚು ಚುಚ್ಚಿತು. ಲೋಹಿತ ಹೆಬ್ಬೆರಳಿನ ಕಬ್ಬಿಣದ ಉಗುರು ಕಳಚಿ ಗಳದ ಮೇಲಿಟ್ಟು, ನಮಸ್ಕಾರ ಮಾಡಿ ನಡೆದ. ಹಿಂದಿನಿಂದ ಮಂಜಪ್ಪ, "ಏ, ಎಲ್ಲಿ ಹೊಂಟೀಲೇ ಲೋಹ್ಯಾ?" ಎಂದು ಕೂಗಿದ.

ಬಾಡಿಗೆ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದವನು, ಮರುದಿನ ಬೆಳಿಗ್ಗೆ ಎದ್ದು ಊರು ಬಿಡುವುದೆಂದು ಗಂಟು ಕಟ್ಟತೊಡಗಿದ್ದ. ಬಂಕಾಪುರಕ್ಕೆ ಹೋದರೆ ಹೆದ್ದಾರಿಯ ಧಾಬಾಗಳಲ್ಲಿ ಕೆಲಸ ಸಿಕ್ಕೀತು. ಹೊಸ ಊರು, ಹೊಸ ಸುಳ್ಳು. ಕದ ಬಡಿದ ಸದ್ದಾಯಿತು. ಹೊರಗೆ ಕುಲಸುಮಬಿ, ಕಂಕುಳಲ್ಲಿ ರೊಟ್ಟಿಯ ಗಂಟು, ತಲೆಯ ಮೇಲೆ ಇಸ್ತ್ರಿ ಮಾಡಿದ ಸೆರಗು.

"ಧಣಿ ಮನೀತನಕ ಬಂದಿದ್ದ. ತಪ್ಪಾತು ಅಂದ. ನಾಳಿಂದ ಬರ್ತೇನಿ, ಇವತ್ತ ನಂಗ ಹುಬ್ಬಳ್ಳಿ ಕೆಲಸೈತಿ ಅಂದೆ. ಏಳು, ಬಸ್ಸ ತಪ್ಪತೈತಿ."

"ಹುಬ್ಬಳ್ಳ್ಯಾಗ ಏನ ಕೆಲಸ ಆಯಿ?"

"ಅದನ್ನ ನನ್ನ ಕೇಳ್ತೀಯಲ್ಲ! ಆಸ್ಪತ್ರಿ ನಿನಗ ಗೊತ್ತೋ, ನನಗ ಗೊತ್ತೋ? ನನ್ನ ಸಿಟ್ಟೇನೂ ಇಳದಿಲ್ಲ, ಹೇಳಿರ್ತೇನಿ. ದಾರ್ಯಾಗ ಬೈತೇನಿ, ಸುಮ್ಮನ ಬೈಸ್ಕೊಂಡ ಕುಂಡ್ರು."

ಶಿಗ್ಗಾಂವಿಯವರೆಗೂ ಬೈದಳು. ಹೆದ್ದಾರಿ ಹಿಡಿದ ಮೇಲೂ ಬೈಗುಳ ಮುಗಿದಿರಲಿಲ್ಲ. ಆಮೇಲೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು, ತಲೆ ಜಾರಿ ಅವನ ಭುಜಕ್ಕೆ ಬಂತು. ಎದೆಯ ಪಟ್ಟಿ ಕೊರೆಯುತ್ತಿದ್ದರೂ ಅವನು ಅಲುಗಲಿಲ್ಲ.

ಡಾಕ್ಟರು ಅವನನ್ನು ಗುರುತು ಹಿಡಿದರು. ಪಕ್ಕದ ಕುರ್ಚಿಯಲ್ಲಿ ತುದಿಗಂಟಿ ಕುಳಿತ ಮುದುಕಿಯನ್ನು ನೋಡಿ, "ಇವರು ನಿಮಗ ಏನಾಗಬೇಕು?" ಎಂದು ಕೇಳಿದರು.

ಲೋಹಿತ ಬಾಯಿ ತೆರೆದ. ಅವ್ವ ಎಂದರೆ ಸುಳ್ಳು. ಜೊತೆಯ ಕೂಲಿಯವಳು ಎಂದರೆ ಅದೂ ಸುಳ್ಳು. ಅವನ ಒದ್ದಾಟ ನೋಡಲಾರದೆ ಕುಲಸುಮಬಿಯೇ ಬಾಯಿ ಹಾಕಿದಳು.

"ಅದಿರಲಿ ಡಾಕ್ಟರಬಾಯಿ. ಎದಿಗೆ ಪಟ್ಟಿ ಬಿಗದು ಬಿಗದು ಗಾಯ ಮಾಡ್ಕೊಂಡಾನಂತ. ನಿಮ್ಮ ಮುಂದ ಹೇಳಿಲ್ಲಂತಲ್ಲ. ಮೊದಲ ಅದನ್ನ ನೋಡ್ರಿ, ಉಳದದ್ದು ಆಮ್ಯಾಲೆ."

ಡಾಕ್ಟರು ಅವನ ಕಡೆ ತಿರುಗಿದರು. ಲೋಹಿತನ ಕಿವಿ ಸುಟ್ಟವು. ಅಂಗಿಯ ಮೇಲಿನ ಗುಂಡಿಗೆ ಹೋದ ಕೈ ಅಲ್ಲೇ ನಿಂತಿತು. ಕುಲಸುಮಬಿ ಅದನ್ನು ಕಂಡು, "ನಾ ಹೊರಗ ಬಾಗಲ್ದಾಗ ಕುಂತಿರ್ತೇನಿ" ಎಂದು ಮೊಣಕಾಲು ಹಿಡಿದು ಏಳತೊಡಗಿದಳು.

"ಬ್ಯಾಡ ಆಯಿ" ಅಂದ ಲೋಹಿತ, ಅವಳ ಮುಖ ನೋಡದೆ. "ಇಲ್ಲೇ ಕುಂಡ್ರು."

ಅವಳು ಕುಳಿತಳು, ಗೋಡೆಯ ಕಡೆ ಮುಖ ಮಾಡಿ. ಅವನು ಗುಂಡಿ ಬಿಚ್ಚಿದ.